ಬಾಕ್ಸ್ ಟ್ರೈನರ್‌ನಲ್ಲಿ ತ್ರೀಡಿ: ಹೊಸಬರಿಗೆ ನಾವು ಹೊಲಿಗೆ ಕಲಿಸುವ ಬಗೆ

ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ನೋಡಿ ಮಾಡುವ ಶಸ್ತ್ರಚಿಕಿತ್ಸೆ) ಕಲಿಯಲು ಬರುವ ಹೊಸ ಪಿಜಿಗಳಿಗೆ, ಅಂದರೆ ಸ್ನಾತಕೋತ್ತರ ವೈದ್ಯರಿಗೆ, ಅಭ್ಯಾಸದ ಪೆಟ್ಟಿಗೆಯಾದ ಬಾಕ್ಸ್ ಟ್ರೈನರ್‌ನಲ್ಲಿ ಆಳ ಸಿಗುವುದಿಲ್ಲ. ಟೂಡಿ ಮಾನಿಟರ್‌ನಲ್ಲಿ ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ಸೂಜಿಯ ಮೇಲೇ ಇದ್ದಂತೆ ಕಾಣುತ್ತದೆ, ಅದರ ಬಾಯಿ ಮುಚ್ಚಿದರೆ ಏನೂ ಸಿಕ್ಕಿರುವುದಿಲ್ಲ. ತ್ರೀಡಿಯಲ್ಲಿ ಈ ತಡಕಾಟ ಬಹಳ ಕಡಿಮೆ. ಹಾಗಂತ ಎಲ್ಲ ಅಭ್ಯಾಸಕ್ಕೂ ಅದನ್ನು ಹಚ್ಚುವುದಿಲ್ಲ. ಪೆಗ್ ಟ್ರಾನ್ಸ್‌ಫರ್ (ಸಣ್ಣ ವಸ್ತುಗಳನ್ನು ಗೂಟದಿಂದ ಗೂಟಕ್ಕೆ ಸಾಗಿಸುವುದು), ಗಾಜ್ ಬಟ್ಟೆಯಲ್ಲಿ ವೃತ್ತ ಕತ್ತರಿಸುವುದು ಟೂಡಿಯಲ್ಲೇ ಆಗುತ್ತದೆ. ಹೊಲಿಗೆ ಶುರುವಾದಾಗ ತ್ರೀಡಿ ಕನ್ನಡಕ ಕೊಡುತ್ತೇವೆ.

1998ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಟೂಡಿ, ತ್ರೀಡಿ ಎರಡನ್ನೂ ಹೋಲಿಸಿದಾಗ ತ್ರೀಡಿಯಿಂದ ಲಾಭ ಕಂಡಿರಲಿಲ್ಲ. ಹಿರಿಯರಲ್ಲಿ ಕೆಲವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಆದರೆ ಆಗಿನ ಉಪಕರಣವೇ ಬೇರೆ. ಈಗಿನ ಸ್ಕೋಪ್‌ಗಳು (ಒಳಗೆ ಹಾಕುವ ಕ್ಯಾಮೆರಾ ಕೊಳವೆಗಳು) ಕೊಡುವ ಎಚ್‌ಡಿ ಚಿತ್ರವನ್ನು ಹಗುರ ಪೋಲರೈಸ್ಡ್ ಕನ್ನಡಕದಲ್ಲಿ ನೋಡಬಹುದು.

ಮೊದಲು ಕಣ್ಣಿನ ಪರೀಕ್ಷೆ. ಚಿಕ್ಕಂದಿನಲ್ಲಿ ಮೆಳ್ಳೆಗಣ್ಣು ಇದ್ದವರಿಗೆ, ಒಂದು ಕಣ್ಣಿನ ದೃಷ್ಟಿ ಮಂದ ಇರುವವರಿಗೆ ಎಡಗಣ್ಣು, ಬಲಗಣ್ಣಿಗೆ ಬೇರೆ ಬೇರೆಯಾಗಿ ಬರುವ ಎರಡೂ ಚಿತ್ರ ಕೂಡದೇ ಹೋಗಬಹುದು. ಕಣ್ಣಿನ ವಿಭಾಗದಿಂದ ಆಳದ ದೃಷ್ಟಿ ಪರೀಕ್ಷಿಸುವ ಟಿಟ್‌ಮಸ್ ಪುಸ್ತಕ ತಂದು ನೋಡಿದರೆ ಐದು ನಿಮಿಷದ ಕೆಲಸ. ಪವರ್ ಕನ್ನಡಕ ಇರುವವರು ಅದನ್ನು ತೆಗೆಯಬಾರದು, ಅದರ ಮೇಲೆ ತ್ರೀಡಿ ಕ್ಲಿಪ್ ಹಾಕಿಕೊಳ್ಳಬೇಕು.

ಮಾನಿಟರ್ ಜೋಡಣೆಯಲ್ಲೇ ಅರ್ಧ ತೊಂದರೆ ಇರುತ್ತದೆ. ಈ ಪರದೆಗಳನ್ನು ಅಕ್ಕಪಕ್ಕದಿಂದ ನೋಡಿದರೆ ನಡೆದೀತು, ಮೇಲಿನಿಂದಲೋ ಕೆಳಗಿನಿಂದಲೋ ನೋಡಿದರೆ ಸೂಜಿಗೊಂದು ನೆರಳುಸೂಜಿ ಹುಟ್ಟಿಕೊಳ್ಳುತ್ತದೆ. ಪರದೆಯ ನಡುಭಾಗ ಕಣ್ಣಿನ ನೇರಕ್ಕೆ ಬರಲಿ, 32 ಇಂಚಿನದಾದರೆ ಒಂದರಿಂದ ಒಂದೂವರೆ ಮೀಟರ್ ದೂರ ಇರಲಿ. ಕುಳ್ಳಗಿರುವವರಿಗೆ ಕಾಲ್ಮಣೆ ಕೊಡಿ. ಕೇಬಲ್ ಚುಚ್ಚಿದ ಮೇಲೆ ಒಂದು ಉಪಕರಣದ ಮುಂದೆ ಇನ್ನೊಂದನ್ನು ಹಿಡಿದು ನೋಡಿ; ಮುಂದಿನದು ಹಿಂದೆ ಹೋದಂತೆ ಕಂಡರೆ ಎಡ-ಬಲ ಅದಲುಬದಲಾಗಿದೆ.

"ಸರ್, ಎರಡೆರಡು ಕಾಣ್ತಿದೆ" ಅಂದರೆ ಹೆಚ್ಚಾಗಿ ಸ್ಕೋಪ್ ತೀರ ಹತ್ತಿರ ಹೋಗಿರುತ್ತದೆ. ತುದಿಯಲ್ಲಿ ಎರಡು ಲೆನ್ಸ್‌ಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ ಇದ್ದರೂ, ವಸ್ತು ಮೂರು-ನಾಲ್ಕು ಸೆಂ.ಮೀ.ಗಿಂತ ಹತ್ತಿರ ಬಂದರೆ ಕಣ್ಣುಗಳಿಗೆ ಚಿತ್ರ ಕೂಡಿಸಲು ಕಷ್ಟ. ಎಂಟು-ಹತ್ತು ಸೆಂ.ಮೀ.ಗೆ ಹಿಂದೆಳೆದರೆ ಸರಿಹೋಗುತ್ತದೆ. ಕ್ಯಾಮೆರಾ ಹಿಡಿದವರು ಹಾರಿಜಾನ್ (ಚಿತ್ರದ ಅಡ್ಡ ಮಟ್ಟ) ಓರೆ ಮಾಡಿದರಂತೂ ತಲೆನೋವು ಗ್ಯಾರಂಟಿ. ಟೂಡಿಯಲ್ಲಿ ಹತ್ತು ಡಿಗ್ರಿ ಓರೆಯನ್ನು ಯಾರೂ ಗಮನಿಸುವುದಿಲ್ಲ, ಇಲ್ಲಿ ಹಾಗಲ್ಲ.

ಹೊಲಿಗೆಗೆ ಪೆನ್‌ರೋಸ್ ಡ್ರೇನ್ (ಮೆತ್ತನೆಯ ರಬ್ಬರ್ ಕೊಳವೆ) ತುಂಡು, ಅದರ ಸೀಳಿನ ಎರಡೂ ಬದಿಗೆ ಮಾರ್ಕರ್ ಚುಕ್ಕೆ, 15 ಸೆಂ.ಮೀ. ಉದ್ದದ, 2-0 ದಪ್ಪದ ಸಿಲ್ಕ್ ದಾರ. ದಾರ ಇದಕ್ಕಿಂತ ಉದ್ದವಾದರೆ ಸುತ್ತಿಕೊಳ್ಳುತ್ತದೆ. ಸೂಜಿಯನ್ನು ದಾರದ ಕಡೆಯಿಂದ ಮೂರನೇ ಒಂದು ಭಾಗದಲ್ಲಿ, ಹೋಲ್ಡರಿಗೆ ಅಡ್ಡಲಾಗಿ ಹಿಡಿಯಬೇಕು. ತ್ರೀಡಿ ನಿಜವಾಗಿ ದುಡಿಯುವುದು ಇಲ್ಲೇ: ಸೂಜಿಯ ಮೊನೆ ಕ್ಯಾಮೆರಾ ಕಡೆಗೋ ಆಚೆಗೋ ವಾಲಿದ್ದರೆ ಟೂಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇಲ್ಲಿ ವಾಲಿದ್ದು ತಕ್ಷಣ ಗೊತ್ತಾಗುತ್ತದೆ, ಎಡಗೈಯಿಂದ ದಾರವನ್ನು ಸ್ವಲ್ಪ ಎಳೆದು ನೆಟ್ಟಗೆ ಮಾಡಬಹುದು. ಗಂಟಿಗೆ ಮೊದಲ ಸಲ ಎರಡು ಸುತ್ತು, ಆಮೇಲೆ ಒಂದೊಂದೇ ಸುತ್ತಿನ ಎರಡು ಗಂಟು, ಪ್ರತಿ ಸಲ ಕೈ ಬದಲು. ದಾರದ ಬಾಲ ಎರಡು ಸೆಂ.ಮೀ. ಬಿಟ್ಟರೆ ಸಾಕು; ಹೆಚ್ಚು ಬಿಟ್ಟರೆ ಸುತ್ತಿನೊಳಗಿಂದ ಹೊರಬರದೆ ಕುಣಿಕೆಯಾಗುತ್ತದೆ.

ವೇಗ ನೋಡಿ ಮೋಸಹೋಗಬೇಡಿ. ತ್ರೀಡಿಯಲ್ಲಿ ಎಲ್ಲರೂ ಚುರುಕಾಗುತ್ತಾರೆ. ನಾವು ಬರೆದಿಟ್ಟುಕೊಳ್ಳುವುದು ಚುಕ್ಕೆಯಿಂದ ಸೂಜಿ ಎಷ್ಟು ಮಿ.ಮೀ. ಸರಿದಿದೆ, ಸೀಳು ಮುಚ್ಚಿದೆಯೇ, ಎಳೆದರೆ ಗಂಟು ಜಾರುತ್ತದೆಯೇ ಎಂಬುದನ್ನು. ಒಂದು ಸರದಿ ಇಪ್ಪತ್ತು ನಿಮಿಷ, ಆಮೇಲೆ ಕನ್ನಡಕ ತೆಗೆದು ದೂರ ನೋಡಬೇಕು.

ಆಪರೇಷನ್ ಥಿಯೇಟರ್‌ಗೆ ಹೋದ ಮೇಲೆ ಹೊಸದೊಂದು ತೊಡಕು. ಒಂದೇ ಲೆನ್ಸ್ ಮೇಲೆ ರಕ್ತದ ಹನಿ ಕೂತರೆ ಮೆದುಳು ಸ್ವಚ್ಛ ಚಿತ್ರವನ್ನಷ್ಟೇ ಬಳಸಿಕೊಂಡು ಸುಮ್ಮನಿರುತ್ತದೆ. ಆಳ ಹೋಗಿರುತ್ತದೆ, ನೋಡುವವರಿಗೆ ಗೊತ್ತಿರುವುದಿಲ್ಲ. ಆಗಾಗ ಒಂದೊಂದೇ ಕಣ್ಣು ಮುಚ್ಚಿ ನೋಡುವ ರೂಢಿಯನ್ನು ಬಾಕ್ಸ್‌ನಲ್ಲೇ ಮಾಡಿಸಿ.

ಮುಂದೆ ಇವರು ಕೆಲಸ ಮಾಡುವ ಎಷ್ಟೋ ಆಸ್ಪತ್ರೆಗಳಲ್ಲಿ ಟೂಡಿಯೇ ಇರುತ್ತದೆ. ಅದಕ್ಕೇ ಗಂಟು ಜಾರದಂತೆ ಬಿದ್ದ ಮೇಲೆ ಅದೇ ಡ್ರೇನ್, ಅದೇ ದಾರ ಇಟ್ಟು ಮಾನಿಟರನ್ನು ಟೂಡಿಗೆ ತಿರುಗಿಸುತ್ತೇವೆ. ಸಮಯ ಏರುತ್ತದೆ, ಏರಲಿ. ಹೋಲ್ಡರ್ ತುದಿಯನ್ನು ಡ್ರೇನ್‌ಗೆ ಮೆಲ್ಲಗೆ ತಾಗಿಸಿ ಆಳ ತಿಳಿದುಕೊಂಡು, ಅಲ್ಲಿಂದ ಸೂಜಿಯ ಕಡೆಗೆ ಜಾರಿಸಲು ಹೇಳುತ್ತೇವೆ.