ವಿಧವೆಯನ್ನು ನಡುವೆ ಇಟ್ಟು ಕಟ್ಟಿದ ವಂಶವೃಕ್ಷ: ನನ್ನ ಅನುಭವ

ಜರ್ಮನ್ ರಾಜಮನೆತನಗಳ ಚಾರ್ಟನ್ನು ಹೆಂಗಸರ ಕಡೆಯಿಂದ ಕಟ್ಟುತ್ತೇನೆ ಎಂದಾಗ ನಮ್ಮ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ‘ದಾಖಲೆಯಲ್ಲಿ ಅವರ ಹೆಸರೇ ಸರಿಯಾಗಿ ಸಿಗಲ್ಲ, ಸುಮ್ನೆ ಯಾಕೆ ಒದ್ದಾಡ್ತೀಯ’ ಎಂದರು. ಈಗ ಸಲಿಯನ್, ಸ್ಟೌಫರ್, ವೆಲ್ಫ್, ಬಾಬೆನ್‌ಬರ್ಗ್ ನಾಲ್ಕೂ ಮನೆಗಳು ಒಂದೇ ಹಾಳೆಯಲ್ಲಿ ಕೂತಿವೆ. ಗೆರೆಗಳು ಒಂದರ ಮೇಲೊಂದು ಹತ್ತುವುದಿಲ್ಲ. ಕೇಳಿದವರೇ ಈಗ ಫೈಲ್ ಕಳಿಸು ಅಂತಿದ್ದಾರೆ.

ಗಂಡಸರ ಸಾಲನ್ನು ಮೇಲಿಂದ ಕೆಳಗೆ ಎಳೆದು, ಹೆಂಡತಿಯನ್ನು ಪಕ್ಕದ ಡಬ್ಬಿಯಲ್ಲಿ ಇಡುವುದು ನಿಮಗೆಲ್ಲ ಗೊತ್ತಿರುವ ದಾರಿ. ನಾನೂ ಅಲ್ಲಿಂದಲೇ ಶುರುಮಾಡಿದ್ದು. ಆ ದಾರಿಯಲ್ಲಿ 12ನೇ ಶತಮಾನ ಬಂದ ಕೂಡಲೇ ಎಲ್ಲ ಸಿಕ್ಕುಬೀಳುತ್ತದೆ. ಸ್ಟೌಫರ್ ಮನೆಯ ಕಾನ್ರಾಡ್ 3 ಜರ್ಮನಿಯ ರಾಜನಾದದ್ದು 1138ರಲ್ಲಿ. ವೆಲ್ಫರಿಂದ ಕಿತ್ತ ಬವೇರಿಯಾವನ್ನು ಮರುವರ್ಷವೇ ಆಸ್ಟ್ರಿಯಾದ ಲಿಯೊಪೋಲ್ಡ್ 4ಗೆ ಕೊಟ್ಟ. ಯಾಕೆ ಅವನಿಗೇ? ಗಂಡಸರ ಚಾರ್ಟ್ ನೋಡಿದರೆ ತಲೆಬುಡ ತಿಳಿಯುವುದಿಲ್ಲ.

ಆಗ್ನೆಸ್‌ಳನ್ನು ನಡುವೆ ಇಡಿ. ಅವಳು ಸಲಿಯನ್ ಮನೆಯ ಚಕ್ರವರ್ತಿ ಹೆನ್ರಿ 4ನ ಮಗಳು. 1079ರಲ್ಲಿ, ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ, ಸ್ಟೌಫರ್ ಮನೆಯ ಫ್ರೆಡ್ರಿಕ್ ಜೊತೆ ಮದುವೆ ನಿಶ್ಚಯವಾಯಿತು. ಅವನಿಗೆ ಸ್ವೇಬಿಯಾ ಪ್ರಾಂತ್ಯ ಸಿಕ್ಕಿದ್ದೂ ಆಗಲೇ. 1105ರಲ್ಲಿ ಅವನು ಸತ್ತ. 1106ರಲ್ಲಿ ಅವಳು ಆಸ್ಟ್ರಿಯಾ ಆಳುತ್ತಿದ್ದ ಬಾಬೆನ್‌ಬರ್ಗ್ ಮನೆಯ ಲಿಯೊಪೋಲ್ಡ್ 3ನನ್ನು ಮದುವೆಯಾದಳು. ಮೊದಲ ಗಂಡನಿಂದ ಕಾನ್ರಾಡ್, ಎರಡನೆಯವನಿಂದ ಲಿಯೊಪೋಲ್ಡ್ 4, ಹೆನ್ರಿ ಯಾಸೊಮಿರ್‌ಗಾಟ್, ಬಿಷಪ್ ಆಟ್ಟೊ. ಅಂದರೆ ರಾಜ ಬವೇರಿಯಾ ಕೊಟ್ಟದ್ದು ತನ್ನ ತಾಯಿಯ ಇನ್ನೊಬ್ಬ ಮಗನಿಗೆ. ಅಷ್ಟೇ ವಿಷಯ!

ಇಲ್ಲಿಂದ ನನ್ನ ಸ್ಪ್ರೆಡ್‌ಶೀಟ್ ಬದಲಾಯಿತು. ಒಂದು ಸಾಲು ಅಂದರೆ ಒಬ್ಬ ಮನುಷ್ಯ ಅಲ್ಲ, ಒಂದು ಮದುವೆ. ಹೆಣ್ಣಿನ ತಂದೆ, ತಾಯಿ, ಜೊತೆಗೆ ಬಂದ ಭೂಮಿ, ಗಂಡ ಸತ್ತ ವರ್ಷ, ಮರುಮದುವೆಯ ವರ್ಷ. ಕೊನೆಯ ಎರಡು ಕಾಲಂಗಳನ್ನು ಹಿಡಿದು ಸಾರ್ಟ್ ಮಾಡಿದರೆ ಸಾಮ್ರಾಜ್ಯದ ರಾಜಕೀಯ ತಾನಾಗಿ ಸಾಲುಗಟ್ಟುತ್ತದೆ. ರಾಜರ ದಾಖಲೆಗಳ ಸಾರಾಂಶ ‘ರೆಗೆಸ್ಟಾ ಇಂಪೆರಿ’ ಎನ್ನುವ ಆನ್‌ಲೈನ್ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ, ಅದು ಹೊಸದೇನಲ್ಲ. ವಿಧವೆಯರನ್ನು ಬೇಗ ಹಿಡಿಯಲು ಅಲ್ಲಿ ಯಾವ ಪದ ಕೊಟ್ಟು ಹುಡುಕುತ್ತೇನೆ ಎನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೆರ್‌ಟ್ರೂಡ್ ಸಾಲು ನೋಡಿ. ಕಾನ್ರಾಡ್‌ಗಿಂತ ಮೊದಲು ಆಳಿದ ಚಕ್ರವರ್ತಿ ಲೋಥರ್ 3 ಮತ್ತು ರಿಚೆನ್ಜಾರ ಒಬ್ಬಳೇ ಮಗಳು. 1127ರಲ್ಲಿ, ಹನ್ನೆರಡರ ಆಸುಪಾಸಿನಲ್ಲಿ, ವೆಲ್ಫ್ ಮನೆಯ ಹೆನ್ರಿಯ ಜೊತೆ ಮದುವೆ. 1139ರಲ್ಲಿ ವಿಧವೆ. 1142ರಲ್ಲಿ ರಾಜಿ ಮಾಡಿಸಲೆಂದು ಅವಳನ್ನು ಎದುರು ಪಾಳಯದ ಯಾಸೊಮಿರ್‌ಗಾಟ್‌ಗೆ ಕೊಟ್ಟರು. ಮಗ ಹೆನ್ರಿ ದಿ ಲಯನ್‌ಗೆ ಸ್ಯಾಕ್ಸನಿ ಸಿಕ್ಕಿತು. ಮರುವರ್ಷ ಹೆರಿಗೆಯಲ್ಲಿ ಅವಳು ಸತ್ತಳು. ರಾಜಿಯೂ ಅವಳ ಜೊತೆಗೇ ಹೋಯಿತು. ಬವೇರಿಯಾದ ಜಗಳ ತೀರಿದ್ದು 1156ರಲ್ಲಿ. ಆಗ ಆಸ್ಟ್ರಿಯಾವನ್ನು ಡಚಿ (ಡ್ಯೂಕ್ ಆಳುವ ಪ್ರಾಂತ್ಯ) ಮಾಡಿ ಕೊಟ್ಟ ಪತ್ರದಲ್ಲಿ ಯಾಸೊಮಿರ್‌ಗಾಟ್‌ನ ಜೊತೆಗೆ ಎರಡನೇ ಹೆಂಡತಿ, ಬೈಜಾಂಟಿಯಂನ ಥಿಯೊಡೋರಾಳ ಹೆಸರೂ ಇದೆ. ಡಚಿಯ ಮೇಲೆ ಹೆಣ್ಣುಮಕ್ಕಳಿಗೂ ಹಕ್ಕಿದೆ ಎನ್ನುವ ಸಾಲೂ ಇದೆ. 1246ರಲ್ಲಿ ಬಾಬೆನ್‌ಬರ್ಗರ ಗಂಡು ಸಂತಾನ ನಿಂತಾಗ ಆ ಸಾಲು ಎಲ್ಲರಿಗೂ ನೆನಪಾಯಿತು. ಬೊಹೆಮಿಯಾದ ಆಟ್ಟಕಾರ್, ಇನ್ನೂ ಇಪ್ಪತ್ತೂ ದಾಟಿರಲಿಲ್ಲ, 1252ರಲ್ಲಿ ನಲವತ್ತು ದಾಟಿದ, ಅದೇ ಮನೆಯ ಮಾರ್ಗರೆಟ್‌ಳನ್ನು ಮದುವೆಯಾದ. ಅವಳೂ ವಿಧವೆಯೇ. ಆಸ್ಟ್ರಿಯಾ ಕೈಗೆ ಬಂದು ಗಟ್ಟಿಯಾದ ಮೇಲೆ, 1261ರಲ್ಲಿ, ಅವಳನ್ನು ಬಿಟ್ಟ.

ದುಡ್ಡಿನ ಮಾತು. ಹಳೇ ಜರ್ಮನ್ ಪುಸ್ತಕಗಳು ಅಗ್ಗ, ಪೋಸ್ಟೇಜ್ ದುಬಾರಿ. ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಚಾರ್ಟನ್ನು ಮೊದಲು ದೊಡ್ಡ ಪೇಪರಿನಲ್ಲಿ ತೆಗೆಸಿದೆ, ಅಕ್ಷರ ಮಸುಕು. ಅಂಗಡಿಯವರು ಫೈಲ್‌ದೇ ತಪ್ಪು ಅಂದರು. ಎರಡನೇ ಸಲವೂ ಅದೇ. ಎರಡೂವರೆ ಸಾವಿರ ನೀರಿಗೆ. ಕೊನೆಗೆ ಹುಟ್ಟುಹಬ್ಬದ ಬ್ಯಾನರ್ ಹಾಕುವವರ ಹತ್ತಿರ ಫ್ಲೆಕ್ಸ್ ಮಾಡಿಸಿದೆ. ಆರುನೂರೋ ಏಳುನೂರೋ ಆಯಿತು, ಚಕ್ರವರ್ತಿ ಬಾರ್ಬರೋಸಾನ ಅಜ್ಜಿ ಆಗ್ನೆಸ್ ಚೆನ್ನಾಗಿ ಕಾಣುತ್ತಾಳೆ.

ನಡುವೆ ಒಂದು ಚಟಕ್ಕೆ ಬಿದ್ದೆ. ಬಾರ್ಬರೋಸಾ 1153ರಲ್ಲಿ ಮೊದಲ ಹೆಂಡತಿ ಅಡೆಲಾಳನ್ನು ಬಿಟ್ಟದ್ದು ರಕ್ತಸಂಬಂಧದ ನೆಪ ಹೇಳಿ. ಚರ್ಚಿನ ನಿಯಮದಂತೆ ಆಗ ಏಳು ತಲೆಮಾರಿನೊಳಗಿನ ಸಂಬಂಧಿಕರು ಮದುವೆಯಾಗುವಂತಿರಲಿಲ್ಲ, 1215ರಲ್ಲಿ ಅದು ನಾಲ್ಕಕ್ಕೆ ಇಳಿಯಿತು. ನನ್ನ ಪಟ್ಟಿಯ ಮೇಲೆ ಏಳರ ನಿಯಮ ಓಡಿಸಿ ನೋಡಿದೆ. ಬೇಕೆಂದರೆ ಅರ್ಧಕ್ಕರ್ಧ ಮದುವೆ ಮುರಿಯಬಹುದಿತ್ತು! ಯಾವಾಗ ಬೇಕೆನಿಸುತ್ತಿತ್ತು ಅನ್ನೋದೇ ಪ್ರಶ್ನೆ, ಅಲ್ವಾ?

ಈ ವಿಧಾನ ಕೈಕೊಟ್ಟದ್ದು ಮಠದ ಹೆಂಗಸರ ವಿಷಯದಲ್ಲಿ. 10ನೇ ಶತಮಾನದ ಸಾಮ್ರಾಜ್ಞಿ ಥಿಯೊಫಾನುವಿನ ಹೆಣ್ಣುಮಕ್ಕಳಲ್ಲಿ ಸೋಫಿ ಗಾಂಡರ್‌ಶೈಮ್‌ನಲ್ಲಿ, ಅಡೆಲೈಡ್ ಕ್ವೆಡ್ಲಿನ್‌ಬರ್ಗ್‌ನಲ್ಲಿ ಮಠಾಧ್ಯಕ್ಷೆಯರು. ಮದುವೆಯಾದ ಇನ್ನೊಬ್ಬ ಮಗಳು ಮಟಿಲ್ಡಾಗಿಂತ ಇವರ ಕೈಯಲ್ಲೇ ಅಧಿಕಾರ ಜಾಸ್ತಿ. ಆದರೆ ಮದುವೆಯಿಲ್ಲದವರಿಗೆ ನನ್ನ ಶೀಟಿನಲ್ಲಿ ಸಾಲೇ ಇಲ್ಲ. ಬೇರೆ ಶೀಟ್ ಮಾಡಿ, ತಾಯಿಯ ಕಾಲಂ ಮೂಲಕ ಜೋಡಿಸಿದೆ. ಸರಿಹೋಯಿತು, ಚೆಂದವಾಗಿಲ್ಲ.

ಆಲ್ಪ್ಸ್ ಬೆಟ್ಟಗಳ ಟಿರೋಲ್ ಪ್ರಾಂತ್ಯದ ಇನ್ನೊಬ್ಬ ಮಾರ್ಗರೆಟ್ ಇನ್ನೂ ತಕರಾರು ಮಾಡುತ್ತಿದ್ದಾಳೆ. 1341ರಲ್ಲಿ ಗಂಡನನ್ನು ಕೋಟೆಯೊಳಗೆ ಬಿಡದೆ ಹೊರಹಾಕಿ, 1342ರಲ್ಲಿ ಚಕ್ರವರ್ತಿಯ ಮಗನನ್ನು ಕಟ್ಟಿಕೊಂಡಳು. ಮೊದಲ ಗಂಡ ಬದುಕಿದ್ದಾನೆ, ಚಾರ್ಟ್ ಸಾಫ್ಟ್‌ವೇರ್ ಕೆಂಪು ಗೆರೆ ಹಾಕುತ್ತದೆ. ಚರ್ಚ್ ಒಪ್ಪಿದ್ದು 1359ರಲ್ಲಿ. ಅವಳಿಗೊಬ್ಬಳಿಗೇ ಮರುಮದುವೆಯ ಕಾಲಂ ಎರಡು ಮಾಡಿದ್ದೇನೆ.