ತಾತ್ಕಾಲಿಕ ಕೆಲಸ ಕೈಯಲ್ಲಿ, ಕಾಯಂ ಕೆಲಸ ಕಣ್ಣಲ್ಲಿ: ಸೇರುವಾಗ ಏನು ಹೇಳಬೇಕು?

ಜೂನ್ ಮೊದಲ ವಾರ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಪ್ರೌಢಶಾಲೆ. ಮುಖ್ಯೋಪಾಧ್ಯಾಯರ ಎದುರಿನ ಕುರ್ಚಿಯಲ್ಲಿ ಬಿ.ಇಡಿ. ಮುಗಿಸಿದ ಯುವತಿ ಕೂತಿದ್ದಾಳೆ. ಹತ್ತನೇ ತರಗತಿಯ ಗಣಿತಕ್ಕೆ ಒಂದು ವರ್ಷದ ಮಟ್ಟಿಗೆ ಶಿಕ್ಷಕರು ಬೇಕಾಗಿದ್ದಾರೆ. ಪಾಠ ಮಾಡಿ ತೋರಿಸಿದ್ದಾಯಿತು, ಸಂಬಳದ ಮಾತೂ ಮುಗಿಯಿತು. ಎದ್ದು ಹೊರಡುವ ಹೊತ್ತಿಗೆ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳುತ್ತಾರೆ: ‘ಮಾರ್ಚ್‌ವರೆಗೂ ಇರುತ್ತೀರಿ ತಾನೇ ಅಮ್ಮಾ?’ ಆಕೆಯ ಬ್ಯಾಗಿನಲ್ಲಿ ಸರ್ಕಾರಿ ಶಿಕ್ಷಕರ ತಾತ್ಕಾಲಿಕ ಆಯ್ಕೆ ಪಟ್ಟಿಯ ಜೆರಾಕ್ಸ್ ಇದೆ. ತನ್ನ ಹೆಸರಿನ ಮೇಲೆ ಆಕೆಯೇ ಹಳದಿ ಬಣ್ಣ ಎಳೆದುಕೊಂಡಿದ್ದಾಳೆ.

ಆ ಮೇಜಿನ ಎರಡೂ ಬದಿಯಲ್ಲಿ ಕೂತವನು ನಾನು. ಮೊದಲು ಕೆಲಸ ಕೇಳಲು ಹೋದವನಾಗಿ, ಆಮೇಲೆ ಹನ್ನೊಂದು ವರ್ಷ ಕೆಲಸ ಕೊಡುವವನಾಗಿ. ನಿಜ ಹೇಳಿ ಕೆಲಸ ಕಳೆದುಕೊಂಡದ್ದೂ ಉಂಟು, ನಿಜ ಮುಚ್ಚಿಟ್ಟವರಿಂದ ಪೇಚಿಗೆ ಸಿಕ್ಕಿದ್ದೂ ಉಂಟು. ‘ಎಲ್ಲವನ್ನೂ ಹೇಳಿಬಿಡಿ’ ಎನ್ನುವ ನೀತಿಪಾಠವಾಗಲಿ, ‘ಬಾಯಿ ಬಿಟ್ಟರೆ ಕೆಟ್ಟಿರಿ’ ಎನ್ನುವ ಗೆಳೆಯರ ಬುದ್ಧಿವಾದವಾಗಲಿ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ಕೈಯಲ್ಲಿರುವ ಕಾಗದದ ಮೇಲೆ ತಾರೀಖು ಇದೆಯೇ ಎಂದು ನೋಡಿಕೊಂಡರೆ ಮುಕ್ಕಾಲು ಪಾಲು ಗೊಂದಲ ತೀರುತ್ತದೆ.

1. ಮೊದಲು ಕಾಗದ ತೆಗೆದು ನೋಡಿ

ಅರ್ಜಿ ಹಾಕಿದ್ದೀರಿ, ಪರೀಕ್ಷೆ ಬರೆದಿದ್ದೀರಿ, ಕೀ ಉತ್ತರ ನೋಡಿ ಅಂಕ ಎಣಿಸಿಕೊಂಡಿದ್ದೀರಿ ಎಂದರೆ ಅದು ಆಸೆ. ಆಸೆಯನ್ನು ಯಾರ ಮುಂದೆಯೂ ಘೋಷಿಸಬೇಕಾಗಿಲ್ಲ. ಈ ರಾಜ್ಯದಲ್ಲಿ ಪದವಿ ಮುಗಿಸಿದವರಲ್ಲಿ ಸರ್ಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಕೆಪಿಎಸ್‌ಸಿಗೋ ಕೆಇಎಗೋ ಒಂದು ಅರ್ಜಿ ಹಾಕದವರು ಎಷ್ಟು ಮಂದಿ ಸಿಕ್ಕಾರು? ಕೆಲಸ ಕೊಡುವವರಿಗೂ ಅದು ಗೊತ್ತು.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿದ್ದರೆ ವಿಷಯ ಸ್ವಲ್ಪ ಗಟ್ಟಿಯಾಯಿತು. ಆದರೂ ಪಟ್ಟಿಯೇ ಆದೇಶವಾಗುವುದಿಲ್ಲ. ದಾಖಲೆ ಪರಿಶೀಲನೆ, ಜಾತಿಯ ಸಿಂಧುತ್ವ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ನಡುವೆ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ತಡೆಯಾಜ್ಞೆ. 2022ರ ಮೇ ತಿಂಗಳಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆದದ್ದನ್ನು ನೆನಪಿಸಿಕೊಳ್ಳಿ. ಆ ವರ್ಷದ ನವೆಂಬರ್‌ನಲ್ಲಿ ತಾತ್ಕಾಲಿಕ ಪಟ್ಟಿ ಹೊರಬಂತು, ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಸಿಹಿ ಹಂಚಿದರು. ವಿವಾಹಿತ ಮಹಿಳೆಯರು ತಂದೆಯ ಆದಾಯದ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ತಕರಾರು ಹೈಕೋರ್ಟ್ ಮೆಟ್ಟಿಲು ಹತ್ತಿ, ನೇಮಕಾತಿ ಆದೇಶ ಕೈಗೆ ಬರುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ‘ಬರುವ ತಿಂಗಳು ಆದೇಶ ಬಂದೇಬಿಡುತ್ತದೆ’ ಎಂದುಕೊಂಡು ಸಿಕ್ಕ ಕೆಲಸ ಬೇಡವೆಂದವರು ಒಂದಿಡೀ ಶೈಕ್ಷಣಿಕ ವರ್ಷ ಮನೆಯಲ್ಲಿ ಕೂತರು. ಐಟಿ ಕಡೆಯೂ ಇದೇ ಕಥೆ: 2022ರಲ್ಲಿ ಆಫರ್ ಪತ್ರ ಪಡೆದ ಎಂಜಿನಿಯರುಗಳಲ್ಲಿ ಕೆಲವರನ್ನು ಕಂಪನಿಗಳು ಕರೆದದ್ದು 2024ರಲ್ಲಿ.

ಮೂರನೆಯದು ತಾರೀಖು ನಮೂದಾದ ಕಾಗದ. ನೇಮಕಾತಿ ಆದೇಶ, ಸೇರುವ ದಿನ ಬರೆದಿರುವ ಆಫರ್ ಪತ್ರ, ಶುಲ್ಕ ಕಟ್ಟಿದ ಸ್ನಾತಕೋತ್ತರ ಪ್ರವೇಶ, ವೀಸಾ ಮತ್ತು ಟಿಕೆಟ್. ಇದು ಕೈಯಲ್ಲಿದ್ದು, ಆ ತಾರೀಖು ಈಗ ಒಪ್ಪಿಕೊಳ್ಳುತ್ತಿರುವ ಅವಧಿಯ ಒಳಗೇ ಬೀಳುವುದಾದರೆ ಹೇಳಲೇಬೇಕು. ಇಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

2. ನೀವು ಹೋದ ಮರುದಿನ ಏನಾಗುತ್ತದೆ?

ಪಟ್ಟಿಯಲ್ಲಿ ಹೆಸರಿದೆ, ತಾರೀಖು ಇಲ್ಲ ಎಂಬ ನಡುವಿನ ಸ್ಥಿತಿಯಲ್ಲಿ ಇರುವವರಿಗೆ ಈ ಹೆಜ್ಜೆ. ಕಂಪ್ಯೂಟರ್‌ನಲ್ಲಿ ಹಳೆಯ ಕಡತ ನಮೂದಿಸುವ ಕೆಲಸ, ಸಮೀಕ್ಷೆ, ಹಬ್ಬದ ಹಂಗಾಮಿನ ಮಾರಾಟ ಇಂಥವುಗಳಲ್ಲಿ ನಿಮ್ಮ ಜಾಗಕ್ಕೆ ಇನ್ನೊಬ್ಬರು ಎರಡು ದಿನದಲ್ಲಿ ಬಂದು ಕೂರುತ್ತಾರೆ. ಅಲ್ಲಿ ಆಯ್ಕೆ ಪಟ್ಟಿಯ ಮಾತು ಎತ್ತದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ಎಸ್‌ಎಸ್‌ಎಲ್‌ಸಿ ತರಗತಿಯ ವಿಷಯವೇ ಬೇರೆ. ಒಂದು ವರ್ಷ ನಮ್ಮಲ್ಲಿ ವಿಜ್ಞಾನಕ್ಕೆ ಸೇರಿದ್ದ ಹುಡುಗ ಡಿಸೆಂಬರಿನ ಒಂದು ಸೋಮವಾರ ಬರಲಿಲ್ಲ. ಸಂಜೆ ಫೋನ್ ಮಾಡಿದರೆ ‘ಸರ್, ನಾನು ಇವತ್ತು ಬೆಳಿಗ್ಗೆಯೇ ಹೊಸ ಕೆಲಸಕ್ಕೆ ರಿಪೋರ್ಟ್ ಮಾಡಿಕೊಂಡೆ’ ಎಂದ. ಅವನಿಗೆ ಅಕ್ಟೋಬರಿನಲ್ಲೇ ಪತ್ರ ಬಂದಿತ್ತಂತೆ. ವಿದ್ಯುಚ್ಛಕ್ತಿ ಪಾಠದ ಮಧ್ಯಕ್ಕೆ ಮಕ್ಕಳನ್ನು ನಿಲ್ಲಿಸಿ ಹೋಗಿದ್ದ. ಕಪ್ಪು ಹಲಗೆಯ ಮೇಲೆ ಅವನು ಶುಕ್ರವಾರ ಬರೆದ ಮಂಡಲದ ಚಿತ್ರ ಬುಧವಾರದವರೆಗೂ ಹಾಗೇ ಇತ್ತು, ‘ಸರ್ ಬಂದು ಮುಗಿಸುತ್ತಾರೆ’ ಎಂದು ಮಕ್ಕಳು ಯಾರಿಗೂ ಒರೆಸಲು ಬಿಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಊರಿನಲ್ಲಿ ಬೇರೆ ವಿಜ್ಞಾನ ಶಿಕ್ಷಕರು ಸಿಗುವುದು ದುರ್ಲಭ. ಸಮಾಜ ವಿಜ್ಞಾನದವನಾದ ನಾನೇ ಗೈಡ್ ಹಿಡಿದು ಓಮನ ನಿಯಮ ಓದಿಸಿದೆ. ಆಯ್ಕೆಯಾದದ್ದಕ್ಕೆ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ, ಸಂತೋಷವೇ ಇತ್ತು. ಅಕ್ಟೋಬರಿನಲ್ಲಿ ಹೇಳಿದ್ದರೆ ಎರಡು ತಿಂಗಳ ಕಾಲಾವಕಾಶ ಸಿಗುತ್ತಿತ್ತಲ್ಲ ಎಂಬುದಷ್ಟೇ ಇಂದಿಗೂ ಕೊರೆಯುತ್ತದೆ.

ಹೆರಿಗೆ ರಜೆಯ ಬದಲಿ ಹುದ್ದೆ, ಒಬ್ಬರೇ ನರ್ಸ್ ಇರುವ ಚಿಕಿತ್ಸಾಲಯ, ಲೆಕ್ಕಪರಿಶೋಧನೆಯ ಹೊತ್ತಿನ ಲೆಕ್ಕಿಗರ ಕೆಲಸ ಎಲ್ಲವೂ ಈ ಗುಂಪಿನವೇ. ಇಂಥಲ್ಲಿ ತಾರೀಖು ಇಲ್ಲದಿದ್ದರೂ, ಕೇಳದಿದ್ದರೂ, ಪಟ್ಟಿಯಲ್ಲಿ ಹೆಸರಿದೆ ಎಂದು ಒಂದು ಮಾತು ತಿಳಿಸುವುದು ಲೇಸು.

ಇನ್ನೊಂದು ಮಗ್ಗುಲೂ ಇದೆ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ಆ ಶೈಕ್ಷಣಿಕ ವರ್ಷದಾಚೆಗೆ ಯಾರೂ ಮಾತು ಕೊಟ್ಟಿರುವುದಿಲ್ಲ. ವರ್ಗಾವಣೆಯಲ್ಲಿ ಕಾಯಂ ಶಿಕ್ಷಕರು ಬಂದರೆ ನಡುವರ್ಷದಲ್ಲೇ ಮನೆಗೆ. ಆ ಕೆಲಸದ ಕರಾರೇ ಎರಡೂ ಕಡೆಯಿಂದ ಸಡಿಲ. ಅವರು ನಿಮ್ಮನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೋ ನಿಮ್ಮ ಮೇಲಿನ ಹೊಣೆಯೂ ಹೆಚ್ಚುಕಡಿಮೆ ಅಷ್ಟೇ ಎಂದು ನಾನು ಲೆಕ್ಕ ಹಾಕುತ್ತೇನೆ. ಅಲ್ಲಿನ ಮುಖ್ಯೋಪಾಧ್ಯಾಯರಿಗೂ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೂ ಹೇಳಿದರೆ ನಿಮ್ಮನ್ನು ಬೇಡವೆನ್ನುವ ಸಂಭವವೂ ಕಡಿಮೆ, ಏಕೆಂದರೆ ಇದು ಅವರಿಗೆ ಪ್ರತಿವರ್ಷದ ಅನುಭವ.

3. ಕಾನೂನಿನ ಕುದುರೆ

ಹೇಳದೆ ಇದ್ದರೆ ಮೋಸವಾಗುತ್ತದೆಯೇ? 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಂ ಇದಕ್ಕೆ ಕುದುರೆ ವ್ಯಾಪಾರದ ಉದಾಹರಣೆ ಕೊಟ್ಟು ಉತ್ತರಿಸುತ್ತದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದಕ್ಕೆ ಐಬು ಇರುವುದು ಅವನಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಅದು ಮೋಸವಲ್ಲ. ಆದರೆ ಕೊಳ್ಳುವವನು ‘ನೀನು ಇಲ್ಲ ಎನ್ನದಿದ್ದರೆ ಕುದುರೆ ನೆಟ್ಟಗಿದೆ ಎಂದೇ ತಿಳಿಯುತ್ತೇನೆ’ ಎಂದಾಗಲೂ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ.

ಮುಖ್ಯೋಪಾಧ್ಯಾಯರ ‘ಇರುತ್ತೀರಿ ತಾನೇ ಅಮ್ಮಾ?’ ಈ ಎರಡನೇ ಉದಾಹರಣೆಗೆ ತೀರಾ ಹತ್ತಿರದ್ದು. ಅಲ್ಲಿ ತಲೆಯಾಡಿಸಿ ನಕ್ಕರೂ ಉತ್ತರ ಕೊಟ್ಟಂತೆಯೇ. ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಡುವ ಮಾತನ್ನು ಅದೇ ಕಲಂ ನೇರವಾಗಿ ಮೋಸದ ಪಟ್ಟಿಗೆ ಸೇರಿಸಿದೆ. ನವೆಂಬರ್ ತಾರೀಖಿನ ಆದೇಶ ಜೇಬಿನಲ್ಲಿಟ್ಟುಕೊಂಡು ‘ಮಾರ್ಚ್‌ವರೆಗೂ ಇರುತ್ತೇನೆ’ ಎನ್ನುವುದು ಅಂಥ ಮಾತು. ಯಾವ ಶಾಲೆಯೂ ಇದಕ್ಕಾಗಿ ವಕೀಲರನ್ನು ಹಿಡಿಯಲಿಕ್ಕಿಲ್ಲ, ಬಿಡಿ. ನೀವು ಬಿಡುಗಡೆ ಪತ್ರ ಕೇಳಲು ಹೋದಾಗ ಅದು ನೆನಪಾಗುತ್ತದೆ.

ಬಾಂಡ್ ಇದ್ದರೆ ಮಾತ್ರ ಓದದೆ ಸಹಿ ಮಾಡಬೇಡಿ. ಕೆಲಸ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಬಾರದು ಎಂಬ ಷರತ್ತು ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಊರ್ಜಿತವಾಗುವುದಿಲ್ಲ. ಆದರೆ ‘ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಕಟ್ಟಬೇಕು’ ಎಂಬುದು ಬೇರೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಬೇರೆ ಬ್ಯಾಂಕ್ ಸೇರಿದಾಗ ಬಾಂಡಿನಂತೆ 2 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತರೂ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಾಂಡನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕೊಂದು ಹುದ್ದೆ ತುಂಬಲು ಮತ್ತೆ ಜಾಹೀರಾತಿನಿಂದ ಶುರುಮಾಡಿ ಪೂರ್ತಿ ಪ್ರಕ್ರಿಯೆ ನಡೆಸಬೇಕಾಗುತ್ತದೆ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು. ಹತ್ತು ತಿಂಗಳ ಕೆಲಸಕ್ಕೆ ಯಾರೋ ಮನಸ್ಸಿಗೆ ಬಂದ ಮೊತ್ತ ಬರೆಸಿಕೊಂಡರೆ ಅದೆಲ್ಲವೂ ವಸೂಲಾಗುತ್ತದೆ ಎಂದು ಇದರಿಂದ ಅರ್ಥ ಮಾಡಬೇಕಿಲ್ಲ. 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ನ್ಯಾಯಯುತ ಪರಿಹಾರ ಮಾತ್ರ.

4. ಯಾವಾಗ, ಯಾವ ಮಾತಿನಲ್ಲಿ

ಅರ್ಜಿಯಲ್ಲಿ ಬರೆಯಬೇಡಿ, ಸಂದರ್ಶನದ ಮೊದಲ ಮಾತಾಗಿಯೂ ಬೇಡ. ನಿಮ್ಮ ಪಾಠ ನೋಡುವ ಮೊದಲೇ ನಿಮ್ಮನ್ನು ಬದಿಗಿಡಲು ಕಾರಣ ಕೊಟ್ಟಂತಾಗುತ್ತದೆ. ‘ನೀವೇ ಬನ್ನಿ’ ಎಂದು ಅವರು ಹೇಳಿದ ಮೇಲೆ, ನೀವು ‘ಆಗಲಿ’ ಎನ್ನುವ ಮೊದಲು, ಅದು ಸರಿಯಾದ ಗಳಿಗೆ. ನಡುವೆಯೇ ನೇರವಾಗಿ ಕೇಳಿದರೆ ಮಾತ್ರ ಅಲ್ಲೇ ಉತ್ತರಿಸಿ.

ಮಾತು ಚಿಕ್ಕದಿರಲಿ, ಕ್ಷಮೆ ಕೇಳುವ ಧಾಟಿ ಬೇಡ. ಪಟ್ಟಿಯಲ್ಲಿ ಹೆಸರಿರುವವರು ಹೀಗೆ ಹೇಳಬಹುದು: ‘ಸರ್, ಶಿಕ್ಷಕರ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರಿದೆ. ಆದೇಶ ಯಾವಾಗ ಬರುತ್ತದೋ ಗೊತ್ತಿಲ್ಲ, ಈ ವರ್ಷ ಬಾರದೆಯೂ ಇರಬಹುದು. ಬಂದರೆ ಅದೇ ದಿನ ನಿಮಗೆ ತಿಳಿಸುತ್ತೇನೆ. ಹತ್ತನೇ ತರಗತಿಯ ಪಠ್ಯವನ್ನು ಡಿಸೆಂಬರ್ ಒಳಗೆ ಮುಗಿಸುವ ಹಾಗೆ ಯೋಜನೆ ಹಾಕಿಕೊಳ್ಳುತ್ತೇನೆ.’ ಕೊನೆಯ ವಾಕ್ಯವೇ ಕೆಲಸ ಮಾಡುವುದು. ನಾನು ಕೆಲಸ ಕೊಡುವ ಕಡೆ ಕೂತಿದ್ದಾಗ ‘ಹೋಗಬಹುದು’ ಎಂದವರಿಗೆ ಹೆದರಲಿಲ್ಲ, ಹೋದ ಮೇಲೆ ಏನು ಎಂದು ಯೋಚಿಸಿರದವರಿಗೆ ಹೆದರಿದೆ.

ತಾರೀಖು ಖಚಿತವಿದ್ದವರಿಗೆ ಇನ್ನೂ ಸುಲಭ: ‘ಸೆಪ್ಟೆಂಬರ್ 30ರವರೆಗೆ ಮಾತ್ರ ಇರಬಲ್ಲೆ. ಅರ್ಧವಾರ್ಷಿಕ ಪರೀಕ್ಷೆಯ ಮೌಲ್ಯಮಾಪನ ಮುಗಿಸಿಕೊಟ್ಟೇ ಹೋಗುತ್ತೇನೆ.’ ಎಷ್ಟೋ ಕಡೆ ಅಷ್ಟೇ ಸಾಕಾಗಿರುತ್ತದೆ.

ಹೇಳಿದ್ದಕ್ಕೇ ಕೆಲಸ ಹೋಗಬಹುದು. ನನಗೆ ಹಾಗೆ ಒಮ್ಮೆ ಆಗಿದೆ. ಆ ತಿಂಗಳು ಸೋದರಮಾವನ ಅಂಗಡಿಯಲ್ಲಿ ಲೆಕ್ಕ ಬರೆದೆ. ಮನೆಯ ಬಾಡಿಗೆ ಆ ಸಂಬಳದ ಮೇಲೇ ನಿಂತಿರುವವರಿಗೆ ಇದು ಹಗುರ ಮಾತಲ್ಲ ಎಂದು ಬಲ್ಲೆ. ಅದಕ್ಕೇ ಬರಿಯ ಅರ್ಜಿ ಹಾಕಿರುವವರು ಸುಮ್ಮನಿರಲಿ ಎಂದು ಮೊದಲೇ ಹೇಳಿದ್ದು.

ಹೆಣ್ಣುಮಕ್ಕಳಿಗೆ ಒಂದು ಮಾತು. ‘ಮದುವೆ ಯಾವಾಗ? ಗಂಡಿನ ಊರು ಯಾವುದು?’ ಎಂಬ ಪ್ರಶ್ನೆಗಳು ಇದೇ ಉಸಿರಿನಲ್ಲಿ ಬರುತ್ತವೆ. ಗಂಡಸರಿಗೆ ಕೇಳಿದ್ದನ್ನು ನಾನು ಕಂಡಿಲ್ಲ. ‘ಈ ಅವಧಿ ಮುಗಿಸುವುದಕ್ಕೆ ನನಗೆ ಅಡ್ಡಿಯಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅದಕ್ಕೆ ಬೇಡ.

5. ಮಾತಾಡಿದ್ದನ್ನು ಕಾಗದಕ್ಕೆ ಇಳಿಸಿ

ನೇಮಕಾತಿ ಪತ್ರದಲ್ಲಿ ಅವಧಿ, ನೋಟಿಸ್ ದಿನಗಳು, ಸಂಬಳ ಮೂರೂ ಇರಲಿ. ತಾತ್ಕಾಲಿಕ ಕೆಲಸಕ್ಕೆ ಮೂರು ತಿಂಗಳ ನೋಟಿಸ್ ಬರೆದಿದ್ದರೆ ಒಂದು ತಿಂಗಳಿಗೆ ಇಳಿಸಲು ಕೇಳಿ. ಸರ್ಕಾರಿ ಆದೇಶದಲ್ಲಿ ಸೇರಲು ಕೊಡುವ ಗಡುವು ನಿಮ್ಮ ನೋಟಿಸ್ ಮುಗಿಯುವವರೆಗೆ ಕಾಯುವುದಿಲ್ಲ. ಪತ್ರವನ್ನೇ ಕೊಡದ ಶಾಲೆಗಳೂ ಉಂಟು. ಆಗ ಅದೇ ಸಂಜೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ: ‘ಇಂದು ಮಾತಾಡಿದಂತೆ ಸೋಮವಾರದಿಂದ ಬರುತ್ತೇನೆ. ಆಯ್ಕೆ ಪಟ್ಟಿಯ ವಿಷಯ ತಮ್ಮ ಗಮನಕ್ಕೆ ತಂದಿದ್ದೇನೆ.’ ಸಾಕು.

ಮೂಲ ಅಂಕಪಟ್ಟಿಗಳನ್ನು ಒಪ್ಪಿಸಬೇಡಿ. ತೋರಿಸಿ, ದೃಢೀಕರಿಸಿದ ಪ್ರತಿ ಕೊಡಿ. ಮೂಲ ದಾಖಲೆ ಬೀರುವಿನಲ್ಲಿಟ್ಟುಕೊಂಡು ‘ಮಾರ್ಚ್‌ನಲ್ಲಿ ಕೊಡುತ್ತೇವೆ’ ಎನ್ನುವ ಆಡಳಿತ ಮಂಡಳಿಗಳಿವೆ. ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ಬೀರುವಿನ ಕೀಲಿಕೈ ಇರುವ ಕಾರ್ಯದರ್ಶಿ ತಿರುಪತಿಗೆ ಹೋಗಿದ್ದರು ಎಂದು ನನ್ನ ಸಹೋದ್ಯೋಗಿ ಅತ್ತದ್ದು ನೆನಪಿದೆ.

6. ಆದೇಶ ಬಂದ ದಿನ

ಮೊದಲ ಫೋನ್ ಮನೆಗೆ, ಎರಡನೆಯದು ಶಾಲೆಗೆ. ಊರಿನವರಿಂದ ಸುದ್ದಿ ತಲುಪುವ ಮೊದಲು ನಿಮ್ಮಿಂದ ತಲುಪಲಿ. ಮರುದಿನ ಲಿಖಿತ ರಾಜೀನಾಮೆ ಕೊಟ್ಟು ನಕಲಿಗೆ ಸ್ವೀಕೃತಿ ಸಹಿ ಪಡೆಯಿರಿ. ಆಮೇಲೆ ಒಂದು ಹಾಳೆ ಬರೆಯಿರಿ: ಯಾವ ಪಾಠ ಎಲ್ಲಿಗೆ ನಿಂತಿದೆ, ಯಾವ ಮಕ್ಕಳಿಗೆ ಭಿನ್ನರಾಶಿಯೇ ಬಾರದು, ಯಾರ ನೋಟ್‌ಪುಸ್ತಕ ತಿದ್ದುವುದು ಬಾಕಿ. ಮೊದಲು ಹೇಳಿದ ಹಳದಿ ಬಣ್ಣದ ಯುವತಿ ಜೂನ್‌ನಲ್ಲೇ ನನಗೆ ಎಲ್ಲ ಹೇಳಿದ್ದಳು. ಹೋಗುವಾಗ ಇಂಥ ನಾಲ್ಕು ಹಾಳೆ ಕೊಟ್ಟಳು. ಹೊಸ ಊರು ಮೂವತ್ತು ಕಿಲೋಮೀಟರ್ ದೂರವಿತ್ತು. ಜನವರಿಯಲ್ಲಿ ಎರಡು ಭಾನುವಾರ ಬಸ್ಸಿನಲ್ಲಿ ಬಂದು ತ್ರಿಕೋನಮಿತಿ ಮುಗಿಸಿಕೊಟ್ಟದ್ದು ಅವಳ ದೊಡ್ಡತನ. ಅದನ್ನು ಎಲ್ಲರಿಂದ ನಿರೀಕ್ಷಿಸಲಾಗದು.

ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ ಎರಡನ್ನೂ ಹೊರಡುವ ದಿನವೇ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕೇಳುವಾಗ ಈ ಮಾತನ್ನು ಮೆಲ್ಲನೆ ನೆನಪಿಸಬಹುದು. ಪಿಎಫ್ ಕಡಿತವಾಗುತ್ತಿದ್ದರೆ ಕೆಲಸ ಬಿಟ್ಟ ದಿನಾಂಕವನ್ನು ಆಡಳಿತ ಮಂಡಳಿಯವರು ನಮೂದಿಸಿದ್ದಾರೆಯೇ ಎಂದು ಪಿಎಫ್ ಜಾಲತಾಣದಲ್ಲಿ ನಿಮ್ಮ ಯುಎಎನ್ ಖಾತೆ ತೆರೆದು ನೋಡಿ. ನಮೂದಿಸಿರದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ನೀವೇ ಅಲ್ಲಿ ದಿನಾಂಕ ತುಂಬಬಹುದು.