ಹಳೆಯ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸಿ ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ಗೆ ಜೋಡಿಸುವ ಕ್ರಮ

ಮಧುಗಿರಿ, ಶಿರಾ, ಪಾವಗಡ ಕಡೆಯ ಪ್ರೌಢಶಾಲೆಯೊಂದರಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿದ್ದರೂ ಮದರ್‌ಬೋರ್ಡ್ ಮತ್ತು ಮಾನಿಟರ್ ಸರಿಯಿರುವ ಹತ್ತು ಹದಿನೈದು ಕಂಪ್ಯೂಟರ್‌ಗಳಿದ್ದರೆ, ಅವನ್ನು ಗುಜರಿಗೆ ಹಾಕುವ ಮೊದಲು ಈ ವಿಧಾನವನ್ನು ಪರಿಶೀಲಿಸಬೇಕು. ಇಲ್ಲಿ ಮೇಜಿನ ಮೇಲಿನ ಯಂತ್ರಕ್ಕೆ ಡಿಸ್ಕ್ ಬೇಕಿಲ್ಲ. ಅದು ನೆಟ್‌ವರ್ಕ್ ಕೇಬಲ್ ಮೂಲಕವೇ ಬೂಟ್ ಆಗಿ, ಸರ್ವರ್‌ನಲ್ಲಿ ನಡೆಯುವ ಡೆಸ್ಕ್‌ಟಾಪ್ ಅನ್ನು ತನ್ನ ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ ಇರುವ ಹಣವನ್ನು ಹದಿನೈದು ಕಡೆ ಹಂಚದೆ ಸರ್ವರ್, ಗಿಗಾಬಿಟ್ ಸ್ವಿಚ್ ಮತ್ತು ಯುಪಿಎಸ್ ಈ ಮೂರಕ್ಕೇ ಹಾಕುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತು ಬ್ರೌಸರ್ ಬಳಸುವ ಪ್ರತಿ ವಿದ್ಯಾರ್ಥಿಗೆ ಸುಮಾರು ಒಂದು ಜಿಬಿ ರ‍್ಯಾಮ್ ಎಂದು ಲೆಕ್ಕ ಹಿಡಿದರೆ, ಹದಿನೈದು ಜನರಿಗೆ 32 ಜಿಬಿ ಇದ್ದಾಗ ಸರ್ವರ್ ನಿರಾಳವಾಗಿ ನಡೆಯುತ್ತದೆ.

ಕೆಲಸ ಆರಂಭಿಸುವ ಮೊದಲು ಬೂಟ್ ಆಗುವ ಸರಪಳಿಯನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಪ್ರತಿಯೊಂದು ತೊಂದರೆಯೂ ಇದರ ಯಾವುದೋ ಒಂದು ಕೊಂಡಿಯಲ್ಲಿಯೇ ಇರುತ್ತದೆ. ಯಂತ್ರದ ನೆಟ್‌ವರ್ಕ್ ಕಾರ್ಡಿನಲ್ಲಿರುವ ಪಿಎಕ್ಸ್‌ಇ ಎಂಬ, ನೆಟ್‌ವರ್ಕ್‌ನಿಂದ ಬೂಟ್ ಮಾಡಿಸುವ ತಂತ್ರಾಂಶವು ಮೊದಲು ಡಿಎಚ್‌ಸಿಪಿ ಎಂಬ, ವಿಳಾಸ ಹಂಚುವ ಸೇವೆಯ ಮೂಲಕ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೇಳುತ್ತದೆ. ಅದರೊಂದಿಗೆ ಬೂಟ್ ಸರ್ವರ್‌ನ ವಿಳಾಸ ಮತ್ತು ಬೂಟ್ ಫೈಲಿನ ಹೆಸರು ಸಿಕ್ಕ ಮೇಲೆ, ಟಿಎಫ್‌ಟಿಪಿ ಎಂಬ ಸರಳ ಫೈಲ್ ವರ್ಗಾವಣೆ ವಿಧಾನದ ಮೂಲಕ ಆ ಫೈಲನ್ನು ಇಳಿಸಿಕೊಳ್ಳುತ್ತದೆ. ಆ ಫೈಲು ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಮತ್ತು ಬೂಟ್ ಹೊತ್ತಿಗೆ ಮೆಮೊರಿಯಲ್ಲಿ ಕೂರುವ ಆರಂಭಿಕ ರ‍್ಯಾಮ್‌ಡಿಸ್ಕನ್ನು ತರುತ್ತದೆ, ಕರ್ನಲ್ ಎನ್‌ಎಫ್‌ಎಸ್ ಎಂಬ ಫೈಲ್ ಹಂಚಿಕೆ ವಿಧಾನದ ಮೂಲಕ ಉಳಿದ ವ್ಯವಸ್ಥೆಯ ಇಮೇಜನ್ನು (ಒಂದೇ ಫೈಲಾಗಿ ಕಟ್ಟಿದ ಪ್ರತಿಯನ್ನು) ಜೋಡಿಸಿಕೊಳ್ಳುತ್ತದೆ, ಕೊನೆಗೆ ಸರ್ವರ್‌ನ ಡೆಸ್ಕ್‌ಟಾಪನ್ನು ತೋರಿಸುವ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲ್) ಕ್ಲೈಂಟ್ ಶುರುವಾಗುತ್ತದೆ.

ಶಾಲೆಯಲ್ಲಿ ಈಗಾಗಲೇ ಫೈಬರ್ ಸಂಪರ್ಕದ ರೂಟರ್ ಇದ್ದರೆ ಐಪಿ ವಿಳಾಸ ಹಂಚುವ ಕೆಲಸವನ್ನು ಅದೇ ಮಾಡುತ್ತಿರುತ್ತದೆ. ಆದರೆ ಮನೆಬಳಕೆಯ ರೂಟರ್‌ಗಳಲ್ಲಿ ಬೂಟ್ ಸರ್ವರ್ ಹಾಗೂ ಬೂಟ್ ಫೈಲ್ ತಿಳಿಸುವ ಡಿಎಚ್‌ಸಿಪಿಯ 66 ಮತ್ತು 67ನೇ ಆಯ್ಕೆಗಳು ಬಹುಮಟ್ಟಿಗೆ ಸಿಗುವುದಿಲ್ಲ. ಅದಕ್ಕಾಗಿ ಸರ್ವರ್‌ನಲ್ಲಿ ಎರಡನೇ ಡಿಎಚ್‌ಸಿಪಿ ಸೇವೆಯನ್ನು ಶುರುಮಾಡಬಾರದು. ಹಾಗೆ ಮಾಡಿದರೆ ಎರಡೂ ವಿಳಾಸ ಹಂಚತೊಡಗಿ ಇಡೀ ಶಾಲೆಯ ನೆಟ್‌ವರ್ಕ್ ಗೊಂದಲಕ್ಕೆ ಬೀಳುತ್ತದೆ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿ ಡಿಎಚ್‌ಸಿಪಿ ರೀತಿಯಲ್ಲಿ ನಡೆಸಿದರೆ, ವಿಳಾಸವನ್ನು ರೂಟರ್ ಕೊಡುತ್ತದೆ, ಬೂಟ್ ಮಾಹಿತಿಯನ್ನು ಮಾತ್ರ ಸರ್ವರ್ ಸೇರಿಸುತ್ತದೆ. ಟಿಎಫ್‌ಟಿಪಿ ಸೇವೆಯೂ ಅದರಲ್ಲಿಯೇ ಇದೆ.

ಬೂಟ್ ಫೈಲಿನ ಆಯ್ಕೆಯಲ್ಲಿ ಎಚ್ಚರ ಬೇಕು. ಬಯೋಸ್ ಎಂಬ ಹಳೆಯ ಬಗೆಯ ಆರಂಭಿಕ ತಂತ್ರಾಂಶವಿರುವ ಯಂತ್ರಗಳಿಗೆ ಬೇಕಾದ ಐಪಿಎಕ್ಸ್‌ಇ (ಪಿಎಕ್ಸ್‌ಇಯ ಸುಧಾರಿತ ರೂಪ) ಫೈಲು, ಅದರ ಹೊಸ ಬಗೆಯಾದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ನಡೆಯುವುದಿಲ್ಲ. ಕೋರಿಕೆಯ ಜೊತೆಗೆ ಯಂತ್ರವು ತನ್ನ ಬಗೆಯನ್ನೂ 93ನೇ ಆಯ್ಕೆಯ ಮೂಲಕ ತಿಳಿಸುವುದರಿಂದ, ಡಿಎನ್‌ಎಸ್‌ಮಾಸ್ಕ್‌ನಲ್ಲಿ ಎರಡೂ ಬಗೆಗೆ ಬೇರೆಬೇರೆ ಫೈಲು ನಮೂದಿಸಬಹುದು. ಯುಇಎಫ್‌ಐ ಯಂತ್ರ ಫೈಲು ಇಳಿಸಿಕೊಂಡ ಮೇಲೂ ಅದನ್ನು ನಿರಾಕರಿಸಿದರೆ, ಸಹಿಯಿಲ್ಲದ ಬೂಟ್ ಫೈಲುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆಯ್ಕೆಯನ್ನು ನೋಡಬೇಕು.

ಇವೆಲ್ಲವನ್ನೂ ಕೈಯಾರೆ ಜೋಡಿಸುವುದಕ್ಕಿಂತ ಉಬುಂಟು ಅಥವಾ ಡೆಬಿಯನ್ ಸರ್ವರ್‌ನಲ್ಲಿ ಎಲ್‌ಟಿಎಸ್‌ಪಿ (ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್) ಬಳಸುವುದು ಲೇಸು. 1999ರಲ್ಲಿ ಆರಂಭವಾದ ಈ ಯೋಜನೆಯ ತಂತ್ರಾಂಶವು ಡಿಎನ್‌ಎಸ್‌ಮಾಸ್ಕ್, ಐಪಿಎಕ್ಸ್‌ಇ ಮತ್ತು ಎನ್‌ಎಫ್‌ಎಸ್ ಸಂರಚನೆಗಳನ್ನು ತಾನೇ ಬರೆದುಕೊಡುತ್ತದೆ. ಕ್ಲೈಂಟ್‌ಗಾಗಿ, ಅಂದರೆ ಮೇಜಿನ ಮೇಲಿನ ಯಂತ್ರಕ್ಕಾಗಿ, ಪ್ರತ್ಯೇಕ ವರ್ಚುವಲ್ ಯಂತ್ರದಲ್ಲಿ (ತಂತ್ರಾಂಶದಲ್ಲೇ ನಡೆಯುವ ಯಂತ್ರದಲ್ಲಿ) ಒಂದು ಚಿಕ್ಕ ವಿಂಡೋ ಮ್ಯಾನೇಜರ್ ಮತ್ತು ಫ್ರೀಆರ್‌ಡಿಪಿ ಎಂಬ ಆರ್‌ಡಿಪಿ ಕ್ಲೈಂಟ್ ಮಾತ್ರ ಹಾಕಿ, ಅದನ್ನು ಸ್ಕ್ವಾಷ್‌ಎಫ್‌ಎಸ್ ಎಂಬ ಕುಗ್ಗಿಸಿದ ರೂಪದ ಇಮೇಜ್ ಮಾಡಿಕೊಳ್ಳಬೇಕು. ಲಾಗಿನ್ ಆದ ಕೂಡಲೇ ಫ್ರೀಆರ್‌ಡಿಪಿ ಪೂರ್ಣ ಪರದೆಯಲ್ಲಿ ತೆರೆಯುವಂತೆ, ಮುಚ್ಚಿದರೆ ಮತ್ತೆ ತೆರೆಯುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಆದರೆ ಸರ್ವರ್‌ನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರವನ್ನು ಒಪ್ಪಿಕೊಂಡ ನೆನಪು ಡಿಸ್ಕ್ ಇಲ್ಲದ ಯಂತ್ರದಲ್ಲಿ ಉಳಿಯುವುದಿಲ್ಲವಾದ್ದರಿಂದ ಪ್ರತಿ ಬಾರಿಯೂ ಆ ಪ್ರಶ್ನೆ ಮೂಡುತ್ತದೆ. ಪರಿಶೀಲನೆಯನ್ನೇ ತೆಗೆದುಹಾಕುವ ಬದಲು, ಪ್ರಮಾಣಪತ್ರದ ಫಿಂಗರ್‌ಪ್ರಿಂಟನ್ನು (ಅದನ್ನು ಗುರುತಿಸುವ ಸಂಕೇತವನ್ನು) ಸ್ಕ್ರಿಪ್ಟಿನಲ್ಲಿ ಬರೆದಿಡಬೇಕು.

ಇನ್ನೊಂದು ತುದಿಯಲ್ಲಿ, ಅಂದರೆ ಸರ್ವರ್‌ನಲ್ಲಿ, ಡೆಸ್ಕ್‌ಟಾಪನ್ನು ಒದಗಿಸುವ ಎಕ್ಸ್‌ಆರ್‌ಡಿಪಿ ಸೇವೆ ಇರುತ್ತದೆ. ಅದು 3389ನೇ ಪೋರ್ಟ್‌ನಲ್ಲಿ ಸಂಪರ್ಕಗಳಿಗಾಗಿ ಕಾಯುತ್ತಿರುತ್ತದೆ. ಇದೇ ಪೋರ್ಟನ್ನು ರೂಟರ್ ಮೂಲಕ ಇಂಟರ್ನೆಟ್‌ಗೆ ಎಂದಿಗೂ ತೆರೆಯಬಾರದು. ಪ್ರತಿ ವಿದ್ಯಾರ್ಥಿಗೆ ಪ್ರತ್ಯೇಕ ಖಾತೆ ಬೇಕು. ಧ್ವನಿ ಕೇಳಿಸಬೇಕಾದರೆ ಎಕ್ಸ್‌ಆರ್‌ಡಿಪಿಗೆಂದೇ ಇರುವ ಆಡಿಯೊ ಮಾಡ್ಯೂಲ್ ಬೇರೆಯಾಗಿ ಹಾಕಬೇಕು, ಆದರೂ ಹದಿನೈದು ಪರದೆಗಳಲ್ಲಿ ಒಟ್ಟಿಗೆ ವಿಡಿಯೊ ನಡೆಸಲು ಈ ವ್ಯವಸ್ಥೆ ತಕ್ಕುದಲ್ಲ. ವಿಂಡೋಸ್ ಸರ್ವರ್ ಬಳಸುವುದಾದರೆ ರಿಮೋಟ್ ಡೆಸ್ಕ್‌ಟಾಪ್ ಸೇವೆಯ ಪರವಾನಗಿಗಳನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಕನ್ನಡದ ಕೆಲಸಕ್ಕೆ ಈ ವ್ಯವಸ್ಥೆ ಮಾಡಿಕೊಡುವ ಅನುಕೂಲ ಬಹಳ ದೊಡ್ಡದು. ಯೂನಿಕೋಡ್ ಫಾಂಟ್‌ಗಳನ್ನೂ ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳ ಮೂಲಕ ಕೆಜಿಪಿ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ಸರ್ವರ್‌ನಲ್ಲಿ ಒಮ್ಮೆ ಹಾಕಿದರೆ ಎಲ್ಲ ಮೇಜುಗಳಲ್ಲೂ ಒಂದೇ ರೀತಿಯ ಕನ್ನಡ ಸಿಗುತ್ತದೆ. ಕ್ಲೈಂಟ್ ಇಮೇಜಿನಲ್ಲಿ ಮಾತ್ರ ಇಂಗ್ಲಿಷ್ ಕೀಲಿಮಣೆಯನ್ನೇ ಉಳಿಸಬೇಕು. ಎರಡೂ ಕಡೆ ಕನ್ನಡ ಇಟ್ಟರೆ ಒತ್ತಿದ ಕೀಲಿ ಎರಡು ಬಾರಿ ಬದಲಾಗಿ ಒತ್ತಕ್ಷರಗಳು ಕೆಡುತ್ತವೆ.

ಬೂಟ್ ನಿಂತುಹೋದಾಗ ಪರದೆಯ ಮೇಲಿನ ಸಂಕೇತವನ್ನು ಓದಿಯೇ ಮುಂದುವರಿಯಬೇಕು. ಪಿಎಕ್ಸ್‌ಇ-ಇ61 ಎಂದರೆ ಕೇಬಲ್ ನೋಡಬೇಕು. ಇ51 ಎಂದರೆ ಡಿಎಚ್‌ಸಿಪಿ ಉತ್ತರವೇ ಬಂದಿಲ್ಲ. ಇ53 ಎಂದರೆ ವಿಳಾಸ ಬಂದಿದೆ, ಬೂಟ್ ಫೈಲಿನ ಹೆಸರು ಬಂದಿಲ್ಲ, ಅಂದರೆ ದೋಷ ಪ್ರಾಕ್ಸಿ ಸಂರಚನೆಯಲ್ಲಿದೆ. ಇ32 ಎಂದರೆ ಟಿಎಫ್‌ಟಿಪಿ ಉತ್ತರಿಸುತ್ತಿಲ್ಲ, ಸರ್ವರ್‌ನ ಫೈರ್‌ವಾಲ್‌ನಲ್ಲಿ 69ನೇ ಯುಡಿಪಿ ಪೋರ್ಟ್ ತೆರೆದಿದೆಯೇ ನೋಡಬೇಕು. ಎಲ್ಲವೂ ಸರಿಯಿದ್ದೂ ಇ51 ಬರುತ್ತಿದ್ದು, ಮ್ಯಾನೇಜ್ಡ್ ಸ್ವಿಚ್ (ಸಂರಚನೆ ಬದಲಿಸಬಹುದಾದ ಸ್ವಿಚ್) ಬಳಸುತ್ತಿದ್ದರೆ, ನೆಟ್‌ವರ್ಕ್‌ನಲ್ಲಿ ಸುತ್ತುಬಳಸು ದಾರಿ ಉಂಟಾಗದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀ ವ್ಯವಸ್ಥೆ ಕಾರಣವಾಗಿರಬಹುದು. ಕೇಬಲ್ ಜೀವಂತವಾದ ಮೇಲೆ ಪೋರ್ಟ್ ಸುಮಾರು 30 ಸೆಕೆಂಡು ದತ್ತಾಂಶವನ್ನು ತಡೆಹಿಡಿಯುವುದರಿಂದ, ಅಷ್ಟರಲ್ಲಿ ಯಂತ್ರ ಕೇಳಿ ಕೇಳಿ ಕೈಬಿಟ್ಟಿರುತ್ತದೆ. ಕ್ಲೈಂಟ್‌ಗಳಿರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಬೇರೆ ಸ್ವಿಚ್ ಇಲ್ಲದೆ ಕೊನೆಯ ಯಂತ್ರ ಮಾತ್ರ ಇರುವ ಪೋರ್ಟ್) ಎಂದು ಗುರುತಿಸಿದರೆ ಇದು ನಿವಾರಣೆಯಾಗುತ್ತದೆ.

ಕರೆಂಟ್ ಹೋಗಿ ಬರುವ ಊರುಗಳಲ್ಲಿ ಸರ್ವರ್ ಮತ್ತು ಸ್ವಿಚ್ ಎರಡೂ ಯುಪಿಎಸ್ ಮೇಲಿರಬೇಕು. ಕ್ಲೈಂಟ್‌ಗಳ ಬಯೋಸ್‌ನಲ್ಲಿ, ಕರೆಂಟ್ ಬಂದಾಗ ಯಂತ್ರ ಆಫ್ ಆಗಿಯೇ ಇರುವಂತೆ ಆಯ್ಕೆ ಮಾಡಿ, ಒಂದೊಂದಾಗಿ ಆನ್ ಮಾಡಿದರೆ ಎಲ್ಲವೂ ಒಮ್ಮೆಗೇ ಸರ್ವರ್ ಮೇಲೆ ಮುಗಿಬೀಳುವುದು ತಪ್ಪುತ್ತದೆ. ಕೊಠಡಿಯನ್ನು ಮಕ್ಕಳಿಗೆ ಒಪ್ಪಿಸುವ ಮೊದಲು ಒಂದು ಪರೀಕ್ಷೆ ಅಗತ್ಯ: ಒಂದು ಕ್ಲೈಂಟ್‌ನಲ್ಲಿ ನಾಲ್ಕು ಸಾಲು ಟೈಪ್ ಮಾಡಿ, ಉಳಿಸದೆ, ಅದರ ಪವರ್ ಪ್ಲಗ್ ಕಿತ್ತು, ಪಕ್ಕದ ಯಂತ್ರದಿಂದ ಅದೇ ಖಾತೆಗೆ ಲಾಗಿನ್ ಆಗಬೇಕು. ಆ ನಾಲ್ಕು ಸಾಲುಗಳು ಹಾಗೆಯೇ ತೆರೆದುಕೊಳ್ಳದಿದ್ದರೆ, ಸಂಪರ್ಕ ಕಡಿದಾಗ ಸೆಷನ್ (ಸರ್ವರ್‌ನಲ್ಲಿ ತೆರೆದಿರುವ ಆ ಖಾತೆಯ ಡೆಸ್ಕ್‌ಟಾಪ್) ಮುಗಿಸುವ ಆಯ್ಕೆಯು ಎಕ್ಸ್‌ಆರ್‌ಡಿಪಿಯ ಸೆಷನ್ ಸಂರಚನೆಯಲ್ಲಿ ಆನ್ ಆಗಿದೆಯೇ ಎಂದು ನೋಡಿ, ಅದನ್ನು ಆಫ್ ಮಾಡಿ ಮತ್ತೊಮ್ಮೆ ಪರೀಕ್ಷಿಸಬೇಕು.